ಮಿಡಿ ಹಾಕಲು ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಈ ಸಲ ಮಾವಿನ ಮಿಡಿ ಉಪ್ಪಿನಕಾಯಿ ಮನೆಯಲ್ಲೇ ಹಾಕುತ್ತೇನೆ ಅಂದೆಯಲ್ಲ, ಕೇಳಿ ಬಹಳ ಖುಷಿಯಾಯಿತು. ನೀನು ಕೇಳಿದ್ದು ಖಾರದ ಅಳತೆ. ಅದು ಆಮೇಲೆ. ಮಿಡಿಯ ಹಣೆಬರಹ ತೀರ್ಮಾನವಾಗುವುದು ಉಪ್ಪಿನಲ್ಲಿ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಪ್ಪೆಮಿಡಿ (ಉಪ್ಪಿನಕಾಯಿಗೆಂದೇ ಹೆಸರಾದ ಪರಿಮಳದ ಮಾವಿನ ಮಿಡಿ) ಮಾರ್ಚ್ ಹೊತ್ತಿಗೆ ಪೇಟೆಗೆ ಬಂದಿರುತ್ತದೆ. ಕೊಳ್ಳುವ ಮೊದಲು ಒಂದನ್ನು ಉದ್ದಕ್ಕೆ ಸೀಳು. ಗೊರಟು ಚಾಕುವಿಗೆ ತಡೆಯಬಾರದು. ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು. ಮೂಗಿನ ಹತ್ತಿರ ಹಿಡಿ: ಜೀರಿಗೆಯದೋ ಕರ್ಪೂರದ್ದೋ ಪರಿಮಳ ಬಂದರೆ ಚೌಕಾಸಿ ಮಾಡದೆ ತಗೋ. ಅನಂತಭಟ್ಟನ ಅಪ್ಪೆ ಎಂಬ ತಳಿ ಸಿಕ್ಕರಂತೂ ಬಿಡಲೇಬೇಡ. ಮರ ಬಡಿದು ಉದುರಿಸಿದ್ದು ಮಾತ್ರ ಬೇಡ, ಪೆಟ್ಟು ಬಿದ್ದ ಜಾಗ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಸೊನೆ ಚರ್ಮ ಸುಡುತ್ತದೆ, ಮುಖದ ಹತ್ತಿರ ತೊಟ್ಟು ಮುರಿಯಬೇಡ.

ಅರ್ಧ ಇಂಚು ತೊಟ್ಟು ಉಳಿಸಿ, ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸು. ಒಂದು ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು. ಬಿಸಿಲಿಗಿಟ್ಟು ಒಣಗಿಸಿದ ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ, ಮೇಲೆ ದಪ್ಪಗೆ ಉಪ್ಪು. ಸ್ಟೀಲ್, ಅಲ್ಯೂಮಿನಿಯಂ ಬೇಡ. ಹುಳಿ ಮತ್ತು ಉಪ್ಪು ಸೇರಿ ಲೋಹವನ್ನು ತಿನ್ನುತ್ತವೆ. ನೀರು ಹಾಕಲೇಬಾರದು. ಉಪ್ಪೇ ಮಿಡಿಯೊಳಗಿನ ನೀರನ್ನು ಎಳೆಯುತ್ತದೆ, ಮೂರ್ನಾಲ್ಕು ದಿನದಲ್ಲಿ ರಸ ಮೇಲೇರುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡು. ತೇಲಿದ ಮಿಡಿಗೆ ಗಾಳಿ ತಾಗಿ ಬಿಳಿ ಪೊರೆ ಕಟ್ಟುತ್ತದೆ. ಪಿಂಗಾಣಿ ತಟ್ಟೆ ಇಟ್ಟು, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು ಹೇರು. ಹತ್ತು ಹನ್ನೆರಡು ದಿನಕ್ಕೆ ಹಸಿರು ಮಾಸಿ, ಸಿಪ್ಪೆ ಸುಕ್ಕುಗಟ್ಟಿ, ಮಿಡಿ ಚಿರುಟಿಕೊಳ್ಳುತ್ತದೆ. ಎಷ್ಟು ಚಂದ ಅದು! ಚಿರುಟದೆ ಉಬ್ಬಿಕೊಂಡೇ ಇದ್ದರೆ ಉಪ್ಪು ಸಾಲಲಿಲ್ಲ ಅಂತ ಅರ್ಥ. ಇನ್ನಷ್ಟು ಹಾಕಿ ನಾಲ್ಕು ದಿನ ಕಾಯಿ. ಇಲ್ಲಿ ಅವಸರ ಮಾಡಿದವರ ಮಿಡಿಯೇ ಮಳೆಗಾಲದಲ್ಲಿ ಕೊಳೆಯುವುದು.

ಈಗ ಖಾರ. ಮಿಡಿಯನ್ನು ತೆಗೆದಿಟ್ಟು ಉಪ್ಪುನೀರು ಸೋಸಿ, ಕುದಿಸಿ, ನೊರೆ ತೆಗೆದು, ಪೂರ್ತಿ ಆರಿಸು. ಕಿಲೋ ಮಿಡಿಗೆ 125 ಗ್ರಾಂ ಬ್ಯಾಡಗಿ ಮೆಣಸು (ಎಣ್ಣೆ ಹಾಕದೆ ಗರಿಗರಿಯಾಗುವಷ್ಟು ಬೆಚ್ಚಗೆ ಮಾಡಿದ್ದು), 75 ಗ್ರಾಂ ಹಸಿ ಸಾಸಿವೆ, ಎರಡು ಚಮಚ ಅರಿಸಿನ. ಸಾಸಿವೆಯನ್ನು ಆರಿದ ಉಪ್ಪುನೀರಲ್ಲೇ ಅರೆ, ಬಿಸಿ ಇದ್ದರೆ ಘಾಟು ಹುಟ್ಟುವುದೇ ಇಲ್ಲ. ಬೂಸ್ಟು ತಡೆಯಲು ಉಪ್ಪಿಗೆ ಜೊತೆಯಾಗುವುದು ಆ ಘಾಟೇ. ಮಿಕ್ಸಿ ಬಿಸಿಯಾಗದಂತೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ರುಬ್ಬು. ಇಂಗು, ಬೆಳ್ಳುಳ್ಳಿ, ಒಗ್ಗರಣೆ ಒಂದೂ ಬೇಡ. ಜೀರಿಗೆ ಮಿಡಿಯ ಪರಿಮಳದ ಮೇಲೆ ಬೆಳ್ಳುಳ್ಳಿ ಸುರಿಯುವುದು ಅನ್ಯಾಯ.

ರುಬ್ಬಿದ ಖಾರಕ್ಕೆ ಮಿಡಿ ಬೆರೆಸಿ ಭರಣಿಗೆ ತುಂಬು. ಖಾರ ಮಿಡಿಯ ಮೇಲೆ ಒಂದು ಬೆರಳು ನಿಲ್ಲಬೇಕು. ಭರಣಿಯ ಕಂಠ ಒರೆಸಿ, ಬಟ್ಟೆ ಕಟ್ಟಿ, ಮುಚ್ಚಿಡು. ಸಾಸಿವೆಯ ಕಹಿ ಇಳಿಯಲು ಒಂದು ತಿಂಗಳು ಬೇಕು. ಬಳಸಲು ಚಿಕ್ಕ ಬಾಟಲಿಗೆ ತೆಗೆದುಕೋ, ದೊಡ್ಡ ಭರಣಿ ಪದೇಪದೇ ತೆರೆಯಬೇಡ. ಕಪ್ಪೋ ಹಸಿರೋ ಬೂಸ್ಟು ಕಂಡರೆ, ಕೆಟ್ಟ ವಾಸನೆ ಬಂದರೆ, ಮೇಲಿನದನ್ನು ತೆಗೆದು ಉಳಿಸುವ ಆಸೆ ಬೇಡ, ಎಲ್ಲವನ್ನೂ ಎಸೆ.

ಕುದಿಸಿದ ಉಪ್ಪುನೀರು ಮಿಕ್ಕರೆ ಚೆಲ್ಲಬೇಡ. ಬಾಟಲಿಯಲ್ಲಿಟ್ಟು ಮಜ್ಜಿಗೆಗೆ ಉಪ್ಪಿನ ಬದಲು ಒಂದು ಚಮಚ ಹಾಕಿ ನೋಡು.

ಇತಿ ನಿನ್ನ ಗೆಳೆಯ