ದಿನಾ ಆರ್‌ಎಕ್ಸ್-7 ಓಡಿಸುವವನ ಪತ್ರ

ಪ್ರೀತಿಯ ಮಂಜು,

ಆರ್‌ಎಕ್ಸ್-7 ಥರದ ಸ್ಪೋರ್ಟ್ಸ್ ಕಾರನ್ನು ದಿನಾ ಓಡಿಸೋಕೆ ಆಗುತ್ತದಾ ಅಂತ ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ಈಗ ಪುರಸೊತ್ತಾಗಿ ಬರೆಯುತ್ತಿದ್ದೇನೆ. ಹೌದು ಕಣೋ, ದಿನಾ ಆಫೀಸಿಗೆ ಹೋಗುವುದು ಆರ್‌ಎಕ್ಸ್-7ನಲ್ಲೇ. ಮನೆಯಲ್ಲಿ ಇನ್ನೊಂದು ಕಾರು ಇಲ್ಲ. ಜಪಾನಿನ ಈ ಹಿರೋಶಿಮಾ, ಈ ಕಾರು ಮಾಡಿದ ಮಜ್ದಾ ಕಂಪನಿಯ ಊರು, ಇಲ್ಲಿದ್ದುಕೊಂಡು ಬೇರೆ ಗಾಡಿ ಇಟ್ಟರೆ ಊರಿಗೇ ಅವಮಾನ ಅಂತ ಮನೆಯವಳಿಗೆ ಹೇಳಿ ನೋಡಿದೆ. ಅವಳು ನಗಲಿಲ್ಲ.

ಮೊದಲು ಇಂಜಿನ್ ವಿಷಯ. ಯೆಜ್ಡಿ ಬಿಚ್ಚಿ ಜೋಡಿಸಿ ಬೆಳೆದವನು ನೀನು, ಬೇಗ ತಿಳಿಯುತ್ತದೆ. ಇದು ರೋಟರಿ ಇಂಜಿನ್. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಸಿಲಿಂಡರ್ ಸವೆದು ಬೋರಿಗೆ ಬಂತು ಅನ್ನೋಕೆ ಬೋರೇ ಇಲ್ಲ! ನಡು ಸ್ವಲ್ಪ ಸಣ್ಣಗಿರುವ ಅಂಡಾಕಾರದ ಹೌಸಿಂಗ್ ಒಳಗೆ, ಬದಿ ಉಬ್ಬಿದ ತ್ರಿಕೋನದ ರೋಟರ್ ಸುತ್ತುತ್ತದೆ. ಅದರ ಒಂದು ಮುಖ ಪೆಟ್ರೋಲ್, ಗಾಳಿ ಎಳೆದುಕೊಳ್ಳುವಾಗ ಇನ್ನೊಂದರ ಎದುರು ಕಿಡಿ ಹೊತ್ತುತ್ತದೆ, ಮತ್ತೊಂದು ಹೊಗೆ ಹೊರಗೆ ತಳ್ಳುತ್ತದೆ. ಇಂಥ ಎರಡು ರೋಟರ್, ಒಂದೊಂದು 654 ಸಿಸಿ. ಮೇಲೆ ಗಾಳಿ ಒತ್ತಿ ತುಂಬೋಕೆ ಎರಡು ಟರ್ಬೊ. ಈ ಮಾಡೆಲ್ 1991ರಲ್ಲಿ ಬಂದಾಗ ಪವರ್ 255 ಪಿಎಸ್ ಇತ್ತು, 1999ರ ಹೊತ್ತಿಗೆ 280 ಆಯಿತು. ಗಾಡಿಯ ತೂಕ ಸುಮಾರು 1300 ಕೆ.ಜಿ. ಅಷ್ಟೇ.

ಇಂಜಿನ್ನಿನ ಪ್ರಾಣ ಇರುವುದು ರೋಟರಿನ ಮೂರು ತುದಿಗಳಲ್ಲಿ. ಅಲ್ಲಿ ಒತ್ತಡ ಸೋರದಂತೆ ತಡೆಯುವ ಒಂದೊಂದು ಸಣ್ಣ ಪಟ್ಟಿ, ಅದೇ ಅಪೆಕ್ಸ್ ಸೀಲ್. ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಈ ಇಂಜಿನ್ನಿನ ಲೈಸೆನ್ಸ್ ತಂದಿದ್ದ ಮಜ್ದಾದವರ ನಿದ್ದೆ ಕೆಡಿಸಿದ್ದು ಇದೇ. ಸೀಲ್ ಅದುರಿ ಹೌಸಿಂಗ್ ಗೋಡೆಯ ಮೇಲೆಲ್ಲ ಗೀರು ಬೀಳುತ್ತಿತ್ತು. ಮಜ್ದಾದ ಇಂಜಿನಿಯರ್ ಕೆನಿಚಿ ಯಮಮೊತೊ ಅವರ ತಂಡ ಅದಕ್ಕೆ ದೆವ್ವದ ಉಗುರಿನ ಗುರುತು ಅಂತ ಹೆಸರಿಟ್ಟಿತ್ತು. ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಮಜ್ದಾದ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ರಸ್ತೆಗೆ ಬಂದದ್ದು.

ಈ ಸೀಲಿಗೆ ಎಣ್ಣೆಯ ಪಸೆ ಬೇಕು. ಅದಕ್ಕೇ ಇಂಜಿನ್ ತನ್ನ ಆಯಿಲನ್ನು ಒಂದು ಪುಟ್ಟ ಪಂಪಿನಿಂದ ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು, ಪೆಟ್ರೋಲಿನ ಜೊತೆ ಸುಟ್ಟುಬಿಡುತ್ತದೆ. ಅಲ್ಲಿಗೆ ಪೆಟ್ರೋಲಿನ ಜೊತೆ 2ಟಿ ಆಯಿಲ್ ಕುಡಿಯುವ ನಿನ್ನ ಮೈಸೂರು ಯೆಜ್ಡಿಗೂ ಇದಕ್ಕೂ ದೂರದ ನೆಂಟಸ್ತಿಕೆ ಆಯಿತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ನಾನು ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಆಯಿಲ್ ಸ್ವಲ್ಪ ಕಮ್ಮಿಯಾಗಿದ್ದರೆ ಸಮಾಧಾನ. ಕಮ್ಮಿಯೇ ಆಗದಿದ್ದರೆ ಹೆದರಬೇಕು, ಆ ಪಂಪ್ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ.

ದಿನಾ ಓಡಿಸೋಕೆ ಆಗುತ್ತದಾ ಅಂದೆಯಲ್ಲ. ದಿನಾ ಓಡಿಸಬಹುದು, ಆದರೆ ಹಾಲು ತರೋಕೆ ಹೋಗುವ ಹಾಗಿಲ್ಲ. ಇದಕ್ಕೆ ಆಗದಿರುವುದು ಉದ್ದ ದಾರಿ ಅಲ್ಲ, ಗಿಡ್ಡ ದಾರಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಅದು ಉರಿದು ಮುಗಿಯುವ ಮೊದಲೇ ಆಫ್ ಮಾಡಿದೆಯೋ, ಕೆಟ್ಟೆ. ಪೆಟ್ರೋಲ್ ಒಳಗೋಡೆಯ ಎಣ್ಣೆ ತೊಳೆದುಬಿಡುತ್ತದೆ, ನಾಲ್ಕೂ ಪ್ಲಗ್ ನೆನೆಯುತ್ತವೆ, ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಬೀಳುತ್ತದೆ. ಮತ್ತೆ ಎಷ್ಟು ಸೆಲ್ಫ್ ಹೊಡೆದರೂ ಬರೀ ತಿರುಗುತ್ತದೆ, ಹತ್ತುವುದಿಲ್ಲ.

ಮೊನ್ನೆ ಮಳೆ ನಿಂತ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರು ಪಾರ್ಕಿಂಗಿನ ಗೆರೆಗಳಿಗೆ ಬಣ್ಣ ಹೊಡೆಸಿದರು. ಗಾಡಿಯನ್ನು ಪಕ್ಕದ ಜಾಗಕ್ಕೆ ಸರಿಸಬೇಕಿತ್ತು. ಅಷ್ಟಕ್ಕೆ ಸ್ಟಾರ್ಟ್ ಮಾಡುವ ಹಾಗಿಲ್ಲವಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿ, ಬಾಗಿಲು ತೆಗೆದು, ಒಂದು ಕೈ ಸ್ಟೀರಿಂಗಿನ ಮೇಲಿಟ್ಟು ತಳ್ಳುತ್ತಿದ್ದೆ. ಪಕ್ಕದ ಮನೆಯ ಅಜ್ಜ ನೋಡಿ, ಪಾಪ, ಬ್ಯಾಟರಿ ಕೂತಿದೆ ಅಂದುಕೊಂಡು ಜಂಪ್ ವೈರ್ ಹಿಡಿದು ಓಡಿ ಬಂದರು. ಬ್ಯಾಟರಿ ಅಲ್ಲ, ರೋಟರಿ ಅಂದೆ. ಅಷ್ಟೇ ಸಾಕಾಯಿತು. ವೈರ್ ಕೆಳಗಿಟ್ಟು ಹಿಂದಿನಿಂದ ತಾವೂ ಕೈ ಹಾಕಿದರು. ಬೇರೆ ಊರಲ್ಲಾಗಿದ್ದರೆ ಅರ್ಧ ಗಂಟೆ ವಿವರಿಸಬೇಕಿತ್ತು.

ಗಿಡ್ಡ ದಾರಿ ಆಗದು ಅಂತಲೇ ಆಫೀಸಿಗೆ ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ. ನೀರು, ಆಯಿಲ್ ಎರಡೂ ಬಿಸಿಯಾಗುವವರೆಗೆ 3000 ಆರ್‌ಪಿಎಂ ದಾಟಿಸುವುದಿಲ್ಲ. ಆಮೇಲೆ ಹೈವೇಯಲ್ಲಿ ಒಂದು ಸಲ ಪೂರ್ತಿ ಎಳೆಯುತ್ತೇನೆ. ಕೆಳಗೆ ಒಂದೇ ಟರ್ಬೊ ಕೆಲಸ ಮಾಡುತ್ತದೆ. 4500ರ ಹತ್ತಿರ ಒಂದು ಚಿಕ್ಕ ತಡವರಿಕೆ, ಎರಡನೆಯದು ಸೇರಿಕೊಳ್ಳುತ್ತದೆ. ಮುಂದೆ ನಡುಕ ಇಲ್ಲ, ಗಡಗಡ ಇಲ್ಲ, ಮುಳ್ಳು 8000ದ ಕಡೆ ಓಡುತ್ತದೆ. ಸಾಕು ನಿಲ್ಲಿಸು ಅಂತ ಬಜರ್ ಕೂಗುತ್ತದೆ. ಪವರ್ ಬಗ್ಗೆ ಎಲ್ಲರೂ ಕೊಚ್ಚಿಕೊಳ್ಳುತ್ತಾರೆ. ನನ್ನ ಕೇಳಿದರೆ, ಇವತ್ತಿನ ಎಷ್ಟೋ ಸಾಮಾನ್ಯ ಟರ್ಬೊ ಕಾರುಗಳೂ ಪಿಕಪ್‌ನಲ್ಲಿ ಇದಕ್ಕೆ ಸಾಟಿ. ಆ ನುಣುಪು ಮಾತ್ರ ಅವಕ್ಕೆ ಬರುವುದಿಲ್ಲ.

ಖರ್ಚು ಹೇಳಿಬಿಡುತ್ತೇನೆ, ಬಯ್ಯಬೇಡ. ಊರೊಳಗೆ ಲೀಟರಿಗೆ 6-7 ಕಿ.ಮೀ., ಅದೂ ದುಬಾರಿ ಹೈ ಆಕ್ಟೇನ್ ಪೆಟ್ರೋಲಿಗೆ. ರೋಟರಿಗೆ ಇಲ್ಲಿ ತೆರಿಗೆ ಹಾಕುವಾಗ ಸಿಸಿಯನ್ನು ಒಂದೂವರೆಯಿಂದ ಗುಣಿಸುತ್ತಾರೆ. ಹಾಗಾಗಿ 1308 ಸಿಸಿ ಗಾಡಿಗೆ ಎರಡು ಲೀಟರ್ ಗಾಡಿಯ ತೆರಿಗೆ. 13 ವರ್ಷ ದಾಟಿದೆ ಅಂತ ಅದರ ಮೇಲೆ ಇನ್ನಷ್ಟು. ಬಾನೆಟ್ ಒಳಗಿನ ಕಾವಿಗೆ ಟರ್ಬೊಗಳನ್ನು ನಿಯಂತ್ರಿಸುವ ಸಣ್ಣ ರಬ್ಬರ್ ಕೊಳವೆ, ಅಂದರೆ ವ್ಯಾಕ್ಯೂಮ್ ಹೋಸ್‌ಗಳು ಗಟ್ಟಿಯಾಗಿ ಸೀಳುತ್ತವೆ. ಒಂದು ಕಳಚಿದರೂ ಎರಡನೇ ಟರ್ಬೊ ಬರುವುದಿಲ್ಲ. ಯಾವುದು ಅಂತ ಹುಡುಕೋಕೆ ಒಂದು ಭಾನುವಾರ ಹೋಗುತ್ತದೆ. ಪುಣ್ಯಕ್ಕೆ ಹಳೆಯ ಆರ್‌ಎಕ್ಸ್-7ಗಳ ಕೆಲವು ಬಿಡಿಭಾಗಗಳನ್ನು ಮಜ್ದಾ ಮತ್ತೆ ಮಾಡಿ ಮಾರುತ್ತಿದೆ.

ಸರ್ವಿಸಿಗೆ ಬಿಟ್ಟಾಗ ನನಗೆ ಎದೆ ಹೊಡೆದುಕೊಳ್ಳುವುದು ಕಂಪ್ರೆಷನ್ ನೋಡುವಾಗ. ಪ್ಲಗ್ ತೆಗೆದು ಮೀಟರ್ ಹಾಕಿ ಸೆಲ್ಫ್ ಹೊಡೆಯುತ್ತಾರೆ. ಪುಸ್, ಪುಸ್, ಪುಸ್. ರೋಟರಿನ ಮೂರು ಮುಖಕ್ಕೆ ಮೂರು ಸದ್ದು. ಮೂರೂ ಒಂದೇ ಸಮ ಕೇಳಬೇಕು. ಒತ್ತಡ ಚದರ ಸೆಂ.ಮೀ.ಗೆ ಹೊಸ ಇಂಜಿನ್ನಿಗೆ 8.5 ಕೆ.ಜಿ., ಕನಿಷ್ಠ 6 ಇರಬೇಕು. ನನ್ನದು ನಡುವೆ ಎಲ್ಲೋ ಇದೆ, ಈ ವರ್ಷಕ್ಕೆ ತೊಂದರೆ ಇಲ್ಲ.

ವಾಪಸ್ ಬರುವಾಗ ಮೈಸೂರಿಗೆ ತಾ ಅಂದೆಯಲ್ಲ, ಆಗುವುದಿಲ್ಲ. ಸ್ಟೀರಿಂಗ್ ನಮ್ಮ ಕಡೆಯ ಹಾಗೆ ಬಲಕ್ಕೇ ಇದೆ, ನಿಜ. ಆದರೆ 3 ವರ್ಷಕ್ಕಿಂತ ಹಳೆಯ ಇಂಥ ಕಾರನ್ನು ಒಳಗೆ ಬಿಡುವುದಿಲ್ಲ. ಇದರ ಕೊನೆಯ ಗಾಡಿ ಫ್ಯಾಕ್ಟರಿ ಬಿಟ್ಟಿದ್ದೇ 2002ರಲ್ಲಿ.

ಹಾಗಾಗಿ ಏಪ್ರಿಲ್‌ನಲ್ಲಿ ನೀನೇ ಬಾ. ಮಜ್ದಾ ಮ್ಯೂಸಿಯಂಗೆ ಹೋಗೋಣ, 1991ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಯ ರೇಸ್ ಗೆದ್ದ ಮಜ್ದಾ ಕಾರು 787ಬಿ ಅಲ್ಲಿದೆ. ನಾಲ್ಕು ರೋಟರ್, ಟರ್ಬೊ ಇಲ್ಲ. ಒಬ್ಬನೇ ಬಾ, ಬ್ಯಾಗೂ ಒಂದೇ ಇರಲಿ. ಕಾಗದದಲ್ಲಿ ಇದು ನಾಲ್ಕು ಸೀಟಿನ ಗಾಡಿ, ಹಿಂದಿನ ಎರಡರಲ್ಲಿ ನಿನ್ನ ಬ್ಯಾಗ್ ಕೂರಬಹುದು. ಡಿಕ್ಕಿಯಲ್ಲಿ ನನ್ನ ಆಯಿಲ್ ಕ್ಯಾನ್ ಇರುತ್ತದೆ.

ನಿನ್ನ,
ಸುರೇಶ