ಪುಣೆಯ ಗೆಳೆಯನಿಗೊಂದು ಪತ್ರ: ಒಂದು ಕಣ್ಣು, ಒಂದಿಷ್ಟು ಕ್ಯಾಸೆಟ್ಟು, ಮತ್ತೆ ಆ ಗುಡ್ಡದ ಭೂತ

ಪ್ರೀತಿಯ ಗೆಳೆಯಾ,

ಫೋನ್ ಮಾಡಿದರೆ ಮಳೆ ಮತ್ತು ಅಡಿಕೆ ರೇಟು ಕೇಳಿ ಇಟ್ಟುಬಿಡುತ್ತೀಯ. ಸಿನಿಮಾ ಸುದ್ದಿಗೆ ಬರುವಷ್ಟರಲ್ಲಿ ನಿನಗೆ ಯಾವುದೋ ಮೀಟಿಂಗ್. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಕ್ಕೆ ಸಿಟ್ಟಾಗಬೇಡ, ಒಂದು ವಿಷಯಕ್ಕೆ ಬೇರೆಯವರ ಸಹಾಯವೂ ಬೇಕು.

ಕುಂಬಳೆಯ ಅಂಗಡಿ ಈಗ ಇಲ್ಲ ಮಾರಾಯಾ. ಹೈವೇ ಅಗಲ ಮಾಡುವಾಗ ಆ ಸಾಲೇ ಹೋಯಿತು. ಅಂಥ ಬೇಜಾರೇನೂ ಇಲ್ಲ. ಟಿವಿ ರಿಪೇರಿಗೆ ಅಂತ ಈಗ ಯಾರು ಬರುತ್ತಾರೆ? ಪ್ಯಾನೆಲ್ ಹೋದರೆ ಹೊಸದೇ ತೆಗೆದುಕೊಳ್ಳಿ ಅಂತ ನಾನೇ ಹೇಳಿ ಕಳಿಸುತ್ತಿದ್ದೆ. ಉಳಿದದ್ದು ಮಿಕ್ಸಿ, ಫ್ಯಾನು, ಇನ್ವರ್ಟರ್. ಅಷ್ಟಕ್ಕೆ ಮನೆಯ ಚಾವಡಿ ಸಾಕು. ಸೋಲ್ಡರಿಂಗ್ ಹೊಗೆ ದೇವರ ಕೋಣೆಗೆ ಬರುತ್ತದೆ ಅಂತ ನಿನ್ನ ಅತ್ತಿಗೆಯ ತಕರಾರು ಒಂದು ಬಿಟ್ಟರೆ ಎಲ್ಲ ಆರಾಮ.

ಇನ್ನು ಕಣ್ಣು. ಬಲಗಣ್ಣಿನ ಪೊರೆ ತೆಗೆಸಿದೆ. ಆಪರೇಷನ್ ಅಂತ ಹೆದರಿಸುವಷ್ಟು ದೊಡ್ಡದೇನೂ ಅಲ್ಲ, ಬೆಳಿಗ್ಗೆ ಹೋದವನು ಸಂಜೆಗೆ ಮನೆಯಲ್ಲಿದ್ದೆ. ಆದರೆ ಆಮೇಲೆ ಆದ ತಮಾಷೆ ನಿನಗೆ ಹೇಳಲೇಬೇಕು. ಎಡಗಣ್ಣು ಮುಚ್ಚಿ ನೋಡಿದರೆ ಗೋಡೆ ನೀಲ ಹಾಕಿ ಒಗೆದ ಪಂಚೆಯ ಹಾಗೆ ಬಿಳಿ. ಬಲಗಣ್ಣು ಮುಚ್ಚಿದರೆ ಅದೇ ಗೋಡೆಗೆ ಚಾ ಚೆಲ್ಲಿದ ಬಣ್ಣ. ವಯಸ್ಸಾದ ಹಾಗೆ ಕಣ್ಣಿನ ಲೆನ್ಸ್ ಹಳದಿಯಾಗಿ ನೀಲಿ ಬಣ್ಣವನ್ನು ತಡೆದು ಇಟ್ಟುಕೊಳ್ಳುತ್ತದಂತೆ, ಅದನ್ನು ತೆಗೆದು ಹೊಸದು ಕೂರಿಸಿದ ಕೂಡಲೇ ತಡೆದದ್ದೆಲ್ಲ ಒಮ್ಮೆಗೇ ಒಳಗೆ ಬರುತ್ತದೆ. ಇಷ್ಟು ವರ್ಷ ಊರವರ ಟಿವಿಯ ಕಲರ್ ಸರಿಮಾಡಿ ಕೊಟ್ಟದ್ದು ನಾನೇ ಅಲ್ವಾ! ಯಾರ್ಯಾರ ಮನೆಯಲ್ಲಿ ಎಷ್ಟೆಷ್ಟು ನೀಲಿ ಜಾಸ್ತಿ ಇಟ್ಟು ಬಂದಿದ್ದೇನೋ ದೇವರೇ ಬಲ್ಲ.

ಹೊಸ ಕಣ್ಣಿನಲ್ಲಿ ದೊಡ್ಡ ಪರದೆಯ ಮೇಲೆ ಮೊದಲು ನೋಡಿದ್ದು ‘ಕುಮ್ಮಾಟ್ಟಿ’. ಮಲಯಾಳಂ ನಿರ್ದೇಶಕ ಅರವಿಂದನ್ ಅವರದ್ದು, 1979ರದ್ದು. ಪಯ್ಯನ್ನೂರಿನ ಕಡೆ ಫಿಲ್ಮ್ ಸೊಸೈಟಿಯವರು ತೋರಿಸುತ್ತಾರೆ ಅಂತ ಗೊತ್ತಾಯಿತು. ರೈಲು ಹತ್ತಿ ಹೋದೆ. ಅದನ್ನು ನಮ್ಮ ಜಿಲ್ಲೆಯ ಚೀಮೇನಿಯಲ್ಲೇ ತೆಗೆದದ್ದು ಗೊತ್ತಲ್ಲ, ಆಗ ಕಾಸರಗೋಡು ಜಿಲ್ಲೆ ಆಗಿರಲಿಲ್ಲ, ಕಣ್ಣೂರಿಗೆ ಸೇರಿತ್ತು, ನಾವು ಬೇರೆ ಜಿಲ್ಲೆ ಆದದ್ದು 1984ರಲ್ಲಿ. ಮುರಕಲ್ಲಿನ ಬಯಲು, ಅದರ ಮೇಲೆ ಮಳೆಗಾಲದ ಹುಲ್ಲು, ಮೇಲೆ ಅರ್ಧ ಪರದೆ ತುಂಬ ಆಕಾಶ. ಶಾಜಿ ಕರುಣ್ ಅವರ ಕ್ಯಾಮೆರಾ. ಹಿಂದೆ ಟಿವಿಯಲ್ಲಿ ನೋಡಿದ ಪ್ರಿಂಟಿನಲ್ಲಿ ಹುಲ್ಲಿಗೂ ಒಣಹುಲ್ಲಿಗೂ ವ್ಯತ್ಯಾಸ ಇರಲಿಲ್ಲ. 2021ರಲ್ಲಿ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೇಸಿ ಶುರುಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಇಟಲಿಯ ಬೊಲೋನಾದವರು ಎಲ್ಲ ಸೇರಿ ಹಳೆಯ ಪ್ರಿಂಟನ್ನು ರಿಪೇರಿ ಮಾಡಿದ್ದಾರೆ. ರಿಪೇರಿ ಅಂದರೆ ಅದು! ಗೀರು ತೆಗೆದಿದ್ದಾರೆ, ಬಣ್ಣ ವಾಪಸ್ ತಂದಿದ್ದಾರೆ, ಆದರೆ ಹೊಸ ಸಿನಿಮಾದ ಹಾಗೆ ಪಾಲಿಶ್ ಹೊಡೆದಿಲ್ಲ. ನಾನು ಕತ್ತಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಇನ್ನೊಂದು ತೆಗೆದು ಆಕಾಶ ನೋಡುತ್ತಿದ್ದೆ. ಪಕ್ಕದ ಹುಡುಗ ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಸೀಟು ಬದಲಿಸಿದ.

ಕತೆ ನಿನಗೆ ನೆನಪಿರಬೇಕು. ಕುಮ್ಮಾಟ್ಟಿ ಅನ್ನುವ ಮಾಯಾವಿ ಮಕ್ಕಳನ್ನು ಪ್ರಾಣಿಗಳನ್ನಾಗಿ ಮಾಡುತ್ತಾನೆ, ನಾಯಿಯಾದ ಚಿಂಡನ್ ಮಾತ್ರ ಓಡಿಹೋಗಿ ಹಾಗೇ ಉಳಿಯುತ್ತಾನೆ, ಕುಮ್ಮಾಟ್ಟಿ ಮತ್ತೆ ಬರುವವರೆಗೆ ಕಾಯಬೇಕು. ಆ ನಾಯಿಯನ್ನು ಅಮ್ಮ ಗುರುತು ಹಿಡಿಯುವ ಕಡೆ ಈ ಸಲವೂ ನನಗೆ ತಡೆಯಲಾಗಲಿಲ್ಲ. ಕಣ್ಣಿಗೆ ನೀರು ತಾಗಿಸಬೇಡಿ ಅಂತ ಡಾಕ್ಟರ್ ಹೇಳಿದ್ದು ಹೊರಗಿನ ನೀರಿಗೆ ಇರಬೇಕು.

ಈಗ ಅಸಲು ವಿಷಯ. ಅಂಗಡಿ ಖಾಲಿ ಮಾಡುವಾಗ ಅಟ್ಟದಿಂದ ಹಳೇ ವಿಎಚ್‌ಎಸ್ ಕ್ಯಾಸೆಟ್ಟುಗಳ ಗೋಣಿಚೀಲ ಇಳಿಯಿತು. ದುಬೈಯಿಂದ ವಿಸಿಆರ್ ತಂದ ಮನೆಯವರು ಆಮೇಲೆ ಡಿವಿಡಿ ಬಂತು ಅಂತ ನನ್ನ ತಲೆಗೆ ಕಟ್ಟಿ ಹೋದದ್ದು. ನಮ್ಮ ಮಳೆಗಾಲ ಗೊತ್ತಲ್ಲ. ಅರ್ಧದಷ್ಟರಲ್ಲಿ ಬಿಳಿ ಬೂಸ್ಟು. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ವಿಸಿಆರಿಗೆ ಹಾಕಿದರೆ ಟೇಪೂ ಹೋಯಿತು, ಟೇಪ್ ಓದುವ ಹೆಡ್ಡೂ ಹೋಯಿತು, ಆಮೇಲೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅದೇ ಬೂಸ್ಟು. ಮೊದಲು ಸ್ಕ್ರೂ ಬಿಚ್ಚಿ ರೀಲನ್ನು ಬೇರೆ ಚಿಪ್ಪಿಗೆ ಹಾಕಬೇಕು, ಬಟ್ಟೆಯಲ್ಲಿ ಒರೆಸುತ್ತಾ ಕೈಯಲ್ಲೇ ಸುತ್ತಬೇಕು. ಹೆಡ್ ಕ್ಲೀನ್ ಮಾಡುವುದಕ್ಕೆ ಬಿಳಿ ಕಾಗದಕ್ಕೆ ಸ್ಪಿರಿಟ್ ತಾಗಿಸಿ ಹೆಡ್ ಕೂರಿಸಿದ ಡ್ರಮ್ಮಿಗೆ ಒತ್ತಿ ಹಿಡಿದು ಡ್ರಮ್ಮನ್ನು ಮೆಲ್ಲಗೆ ತಿರುಗಿಸುವುದು. ಕಾಗದ ಅಲ್ಲಾಡಬಾರದು, ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದೇ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಮೂರು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಬೇಕು. ಮಗಳಿಗೆ ಇದು ಅರ್ಥವೇ ಆಗುವುದಿಲ್ಲ. ಕಾಪಿ ಪೇಸ್ಟ್ ಮಾಡಿ ಅಪ್ಪಾ ಅನ್ನುತ್ತಾಳೆ.

ಹೆಚ್ಚಿನವು ಮದುವೆ, ಗೃಹಪ್ರವೇಶ, ಹಿಂದಿ ಸಿನಿಮಾ. ಒಂದರಲ್ಲಿ ಮಾತ್ರ ಸಿಕ್ಕಿತು ನೋಡು, ಆ ಹಳೇ ಟಿವಿ ಧಾರಾವಾಹಿ ‘ಗುಡ್ಡದ ಭೂತ’! ಯಾರೋ ದೂರದರ್ಶನದಿಂದ ನೇರ ಹಿಡಿದದ್ದು, ಜಾಹೀರಾತು ಸಮೇತ. ಟೈಟಲ್ಲಿಗೆ ಆ ತುಳು ಹಾಡು ಬಂತು. 2015ರ ‘ರಂಗಿತರಂಗ’ದಲ್ಲಿ ಕೇಳಿ ಈಗಿನ ಮಕ್ಕಳಿಗೂ ಅದು ಗೊತ್ತು. ಸಪೂರದ ಪ್ರಕಾಶ್ ರೈ ಬಂದರು. ಇನ್ನೇನು ಕತೆ ಬಿಗಿಯಾಗುತ್ತದೆ ಅನ್ನುವಾಗ ಪರದೆ ಒಮ್ಮೆ ಜರ್ರ್ ಅಂತು, ಮತ್ತೆ ನೋಡಿದರೆ ಯಾರದೋ ಮದುವೆಯ ಊಟದ ಪಂಕ್ತಿ. ಭೂತ ಬರಬೇಕಾದ ಜಾಗದಲ್ಲಿ ಪಾಯಸದ ಬಾಲ್ದಿ. ಕ್ಯಾಸೆಟ್ ದುಬಾರಿ ಇದ್ದ ಕಾಲ, ಅದರ ಮೇಲೇ ತುಂಬಿಸಿದ್ದಾರೆ.

ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಯಾಕೆ ಗೊತ್ತಾ? ಆ ಧಾರಾವಾಹಿ ಸದಾನಂದ ಸುವರ್ಣರದ್ದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರೂ ಅವರೇ. 1977ರ ಸಿನಿಮಾ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದದ್ದು. ಅದನ್ನೂ ಇದೇ ಕುಮ್ಮಾಟ್ಟಿ ರಿಪೇರಿ ಮಾಡಿದವರು ಮೂಲ ನೆಗೆಟಿವ್ ಹಿಡಿದು ಹೊಸದು ಮಾಡಿದರು, 2024ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಸಿನಿಮಾಗಳ ವಿಭಾಗದಲ್ಲಿ ತೋರಿಸಿದರು. ಸುವರ್ಣರು ಅದೇ ಜುಲೈಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡಿದ್ದರು. ಒಂದೇ ಮನುಷ್ಯನ ಎರಡು ಕೆಲಸ. ಸಿನಿಮಾ ವೆನಿಸಿಗೆ ಹೋಯಿತು. ನಮ್ಮ ಕಡೆಯ ಮನೆಮನೆಯಲ್ಲಿ ಜನ ಹೆದರಿ ಕೂತು ನೋಡಿದ ಧಾರಾವಾಹಿಯ ಪ್ರತಿ ನಾನು ನೋಡಿದ್ದೆಲ್ಲ ಮಸುಕು, ಕಾಪಿಯ ಕಾಪಿ.

ನೀನು ವಾದ ಮಾಡುತ್ತೀಯ ಅಂತ ಗೊತ್ತು. ಸಿನಿಮಾ ದೊಡ್ಡ ಕಲೆ, ಟಿವಿ ಅಂದರೆ ಸುಮ್ನೆ ಹೊತ್ತು ಕಳೆಯುವುದು ಅಂತ ಕಾಲೇಜಿನಿಂದಲೂ ನಿನ್ನ ಹಾಡು. ಆದರೆ ಯೋಚನೆ ಮಾಡು, ಗಡಿಯ ಈಚೆ ಇರುವ ನಮಗೆ ಕನ್ನಡದ ಒಳ್ಳೆ ಸಿನಿಮಾ ತೋರಿಸಿದ್ದಾದರೂ ಯಾರು? ಇಲ್ಲಿಯ ಟಾಕೀಸಿನಲ್ಲಿ ‘ಸಂಸ್ಕಾರ’, ‘ಚೋಮನ ದುಡಿ’ ಹಾಕುತ್ತಿದ್ದರಾ? ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಸರದಿಯಲ್ಲಿ ಬರುತ್ತಿತ್ತು, ಕನ್ನಡದ ಸರದಿ ಯಾವಾಗ ಅಂತ ಕಾದು, ಊಟದ ಬಟ್ಟಲು ಕೈಯಲ್ಲಿ ಹಿಡಿದೇ ಕೂತವರು ನಾವು. ನೀನು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ನಾನು ಕಿಟಕಿಯಿಂದ ‘ಬಂತು, ಬಂತು, ಹೋಯಿತು’ ಅನ್ನುವುದು. ಕೆಳಗೆ ಬಂದ ಮೇಲೆ ಎಂ.ವಿ. ವಾಸುದೇವರಾವ್ ದುಡಿ ಬಾರಿಸುವುದನ್ನು ನೋಡಿ ನೀನು ಬಾಯಿ ಮುಚ್ಚಿ ಕೂತಿದ್ದೆ.

‘ಮಾಲ್ಗುಡಿ ಡೇಸ್’ ಉಳಿಯಿತು. ಅದು ಹಿಂದಿಯಲ್ಲಿತ್ತು, ದೇಶ ಎಲ್ಲ ನೋಡಿತು, ಅರಸಾಳು ಸ್ಟೇಷನ್ನಿನಲ್ಲಿ ಮ್ಯೂಸಿಯಮ್ಮೂ ಆಯಿತು. ಸಂತೋಷವೇ. ಕನ್ನಡದಲ್ಲಿ ಕೆಲವೇ ಕಂತು ಬಂದು ಮುಗಿದ ಧಾರಾವಾಹಿಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವರು ಕಾಣುವುದಿಲ್ಲ.

ಅದಕ್ಕೆ ಇದನ್ನು ಓದುತ್ತಿರುವ ಎಲ್ಲರಲ್ಲೂ ಕೇಳುವುದು: ಮಂಜೇಶ್ವರ, ಉಪ್ಪಳ, ಬದಿಯಡ್ಕ, ಪುತ್ತೂರು ಎಲ್ಲೇ ಇರಲಿ, ಅಟ್ಟದಲ್ಲಿ ಟಿವಿಯಿಂದ ಹಿಡಿದ ಕ್ಯಾಸೆಟ್ ಇದ್ದರೆ ಗುಜರಿಗೆ ಕೊಡಬೇಡಿ. ಬೂಸ್ಟು ಕಂಡರೆ ಹಾಕಿ ನೋಡಲೂ ಬೇಡಿ. ನನಗೆ ಕೊಡಿ, ಇಳಿಸಿ ವಾಪಸ್ ಕೊಡುತ್ತೇನೆ, ದುಡ್ಡು ಬೇಡ. ಮದುವೆ ವಿಡಿಯೋ ಆದರೂ ಪರವಾಗಿಲ್ಲ, ಅದರ ಅಡಿಯಲ್ಲಿ, ಕೊನೆಯಲ್ಲಿ ಏನು ಉಳಿದಿದೆ ಅಂತ ಹೇಳಲಿಕ್ಕಾಗುವುದಿಲ್ಲ.

ನಿನಗೆ ಎರಡು ಕೆಲಸ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್, ಅದೂ 2016ರಲ್ಲಿ ನಿಲ್ಲಿಸಿತು. ಪಾರ್ಟ್ ಎಲ್ಲೂ ಸಿಗುವುದಿಲ್ಲ. ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹಳಬರನ್ನು ಹಿಡಿದು ಟೇಪ್ ಎಳೆಯುವ ಪಿಂಚ್ ರೋಲರ್, ಬೆಲ್ಟ್ ಇದೆಯಾ ಕೇಳು. ನನ್ನ ಮೆಷಿನ್ನಿನ ಮಾಡೆಲ್ ನಂಬರ್ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇನೆ, ಸುಮ್ನೆ ಅಂದಾಜಿಗೆ ತರಬೇಡ. ಮತ್ತೆ ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್ಸ್ ನಿನಗೆ ದೂರ ಏನಲ್ಲ, ಅಲ್ಲಿ ‘ಘಟಶ್ರಾದ್ಧ’ದ ಹೊಸ ಪ್ರತಿ ಯಾವಾಗಾದರೂ ಹಾಕುತ್ತಾರಾ ವಿಚಾರಿಸು. ಹಾಕುವುದಾದರೆ ಎಡಗಣ್ಣಿನ ಆಪರೇಷನ್ ಮುಗಿಸಿಕೊಂಡೇ ಬರುತ್ತೇನೆ. ಕಪ್ಪು ಬಿಳುಪಿನದ್ದು, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಚಾ ಬಣ್ಣದ ಕಣ್ಣಿನಲ್ಲಿ ನೋಡಲು ಮನಸ್ಸಿಲ್ಲ.

ಮನೆಯವರಿಗೆಲ್ಲ ಕೇಳಿದೆ ಅಂತ ಹೇಳು. ದೀಪಾವಳಿಗೆ ಊರಿಗೆ ಬರುವುದು ಹೌದಾದರೆ ಟಿಕೆಟ್ ಈಗಲೇ ಮಾಡು, ಆಮೇಲೆ ವೈಟಿಂಗ್ ಲಿಸ್ಟ್ ಅಂತ ನೆಪ ಹೇಳಬೇಡ.

ನಿನ್ನ,
ಕುಂಬಳೆಯ ಟಿವಿಯವನು