ಮಮ್ಮಿ ಮಾಡೋದಕ್ಕೂ ಮೂರು ದರ ಇತ್ತು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಈಜಿಪ್ಟಿನ ಮಮ್ಮಿಗಳ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ರಾಜರನ್ನು ಮಾತ್ರ ಮಮ್ಮಿ ಮಾಡುತ್ತಿದ್ದರು ಅಂತ ಬರೆದದ್ದು ತಪ್ಪು. ಅರ್ಧ ಪುಟ, ಸಮಾಧಿ ತೆರೆದವರು ಸಾಯುತ್ತಾರೆ ಅನ್ನುವ ಶಾಪದ ಕಥೆಗೇ ಹೋಗಿದೆ ಬೇರೆ. ಟುಟಂಕಮನ್ ಅನ್ನುವ ರಾಜನ ಸಮಾಧಿಯನ್ನು 1922ರಲ್ಲಿ ಪತ್ತೆ ಮಾಡಿದ ಹೋವರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದರು, ಶಾಪಕ್ಕೆ ಅಷ್ಟೊಂದು ಪುರುಸೊತ್ತಿತ್ತಾ?

ಮೊದಮೊದಲು ಮಮ್ಮಿ ಮಾಡಿಸೋದು ರಾಜರು, ದೊಡ್ಡವರ ಪಾಲಿಗೇ ಇತ್ತು, ನಿಜ. ಬರಬರುತ್ತಾ ಕಾಸಿದ್ದವರೆಲ್ಲ ಮಾಡಿಸಿಕೊಂಡರು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಬರಹಗಾರ ಹೆರೊಡೋಟಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಹೆಣ ತಂದವರ ಮುಂದೆ ಮರದ ಮಾದರಿಗಳನ್ನಿಟ್ಟು, ಮೂರು ದರ ಹೇಳಿ, ಯಾವುದು ಮಾಡೋಣ ಅಂತ ಕೇಳುತ್ತಿದ್ದರಂತೆ! ದುಬಾರಿಯದರಲ್ಲಿ ಮೂಗಿನಿಂದ ಕೊಕ್ಕೆ ಹಾಕಿ ಮಿದುಳು ತೆಗೆದು, ಹೊಟ್ಟೆ ಸೀಳಿ ಒಳಗಿನದನ್ನೆಲ್ಲ ತೆಗೆದು, ನೇಟ್ರಾನ್ ಅನ್ನುವ ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತುತ್ತಿದ್ದರು. ಒಟ್ಟು 70 ದಿನದ ಕೆಲಸ. ನಡುವಿನ ದರಕ್ಕೆ ಸೀಳೋದಿಲ್ಲ, ಕೆಳಗಿನಿಂದ ಎಣ್ಣೆ ತುಂಬಿಸಿ ಒಳಗಿನದನ್ನು ಕರಗಿಸೋದು. ಬಡವರಿಗೆ ಸುಮ್ನೆ ಕರುಳು ತೊಳೆದು ಉಪ್ಪಿನಲ್ಲಿಡೋದು, ಅಷ್ಟೇ. ಅದಕ್ಕೂ ಗತಿಯಿಲ್ಲದವರನ್ನು ಮರಳಿನಲ್ಲಿ ಹೂಳುತ್ತಿದ್ದರು, ಅಲ್ಲಿ ಕೆಲವು ಹೆಣ ತಾವಾಗಿಯೇ ಒಣಗಿ ಉಳಿದಿವೆ.

ಸತ್ತ ಮೇಲೆ ಬೇಕಾಗುವ ಮಂತ್ರಗಳ ಸುರುಳಿಯನ್ನೂ ಮೊದಲೇ ಬರೆದಿಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು ಮಾರುತ್ತಿದ್ದರು. ಕೊಂಡವನ ಹೆಸರು ಆಮೇಲೆ ತುಂಬೋದು. ಪರಲೋಕದಲ್ಲೂ ಹೊಲದ ಕೆಲಸ ಇರುತ್ತೆ ಅನ್ನೋದು ಅವರ ನಂಬಿಕೆ, ಅದಕ್ಕೆ ತಮ್ಮ ಬದಲು ದುಡಿಯಲು ಉಷಬ್ತಿ ಅನ್ನುವ ಪುಟ್ಟ ಗೊಂಬೆಗಳನ್ನು ಇಡಿಸಿಕೊಳ್ಳುತ್ತಿದ್ದರು. ಟುಟಂಕಮನ್ ಜೊತೆ ಇಂಥವು 413 ಇದ್ದವು. ಆಳುಗಳ ವಿಷಯದಲ್ಲಿ ರಾಜ ರಾಜನೇ ಬಿಡಿ.

ನನಗೆ ಜಾಸ್ತಿ ಹಿಡಿಸೋದು ಹೃದಯದ ಸಂಗತಿ, ನಿಮ್ಮ ಬರಹದಲ್ಲಿ ಅದರ ಸುಳಿವೇ ಇಲ್ಲ. ಮಿದುಳನ್ನು ಬಿಸಾಡಿದವರು ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು, ಯಾಕಂದ್ರೆ ಬುದ್ಧಿ, ನೆನಪು ಎಲ್ಲ ಅದರಲ್ಲೇ ಇದೆ ಅಂತ ನಂಬಿದ್ದರು. ಸತ್ತವನು 42 ದೇವತೆಗಳ ಮುಂದೆ ನಿಂತು, ಕದ್ದಿಲ್ಲ, ತಕ್ಕಡಿಯಲ್ಲಿ ಮೋಸ ಮಾಡಿಲ್ಲ, ಹರಿಯೋ ನೀರಿಗೆ ಅಡ್ಡ ಕಟ್ಟಿಲ್ಲ ಅಂತೆಲ್ಲ ಹೇಳಬೇಕು. ಆ ಕಡೆ ಹೃದಯವನ್ನು ಸತ್ಯದ ದೇವಿ ಮಾತ್‌ಳ ಗರಿಯ ಜೊತೆ ತೂಗೋದು. ಹೃದಯ ಗರಿಗಿಂತ ಭಾರವಾದರೆ ಮೊಸಳೆ ತಲೆಯ ಅಮ್ಮಿತ್ ಅನ್ನುವ ಮೃಗ ಅದನ್ನು ನುಂಗಿಬಿಡುತ್ತೆ. ಇದಕ್ಕೂ ಒಂದು ದಾರಿ ಹುಡುಕಿದ್ದರು ನೋಡಿ: ಕಲ್ಲಿನ ಜೀರುಂಡೆಯ ಮೇಲೆ, ನನ್ನ ಹೃದಯವೇ ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಅಂತ ಕೆತ್ತಿಸಿ ಎದೆಯ ಮೇಲೆ ಇಡಿಸಿಕೊಳ್ಳುತ್ತಿದ್ದರು. ಗರಿಗೆ ಹೆದರಿದವರು ಎಷ್ಟು ಜನ ಇದ್ದಿರಬೇಕು, ಅಲ್ವಾ?

ಮುಂದಿನ ಭಾನುವಾರ, ರಾಜರು ಮಾತ್ರ ಅನ್ನುವ ಆ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಜಾಗ ಇದ್ದರೆ ಆ ಜೀರುಂಡೆಯ ಚಿತ್ರವನ್ನೂ ಹಾಕಿ.

ಇಂತಿ,
ನಿಮ್ಮ ಓದುಗ, ಹಾಸನ